ಕೋಡಿಬಾಗದ ಮನೆಗೊಂದು ಮರದ ನೆಲ

ಶಿರಸಿ ಹತ್ತಿರದ ನಮ್ಮ ತವರುಮನೆಯಲ್ಲಿ ಅಡಿಗೆಮನೆಯ ಮೇಲೆ ಒಂದು ಮೆತ್ತು ಇತ್ತು. ಮಹಡಿಗೆ ನಮ್ಮ ಕಡೆ ಮೆತ್ತು ಅನ್ನುತ್ತೇವೆ. ಅದರ ನೆಲ ಪೂರ್ತಿ ಮರದ ಹಲಗೆ. ಬೇಸಿಗೆಯಲ್ಲಿ ಅಲ್ಲಿ ಬೋರಲು ಮಲಗಿದರೆ ಹಲಗೆಯ ಸಂದಿಯಲ್ಲಿ ಕೆಳಗಿನ ಒಲೆಯ ಬೆಂಕಿ ಕಾಣುತ್ತಿತ್ತು. ಆಯಿ ಬಗ್ಗಿ ಒಲೆ ಊದುವುದು ಕಾಣುತ್ತಿತ್ತು. ಮಳೆಗಾಲ ಬಂದರೆ ಸಂದಿಗಳೆಲ್ಲ ಮುಚ್ಚಿಹೋಗುತ್ತಿದ್ದವು. ಆಷಾಢದ ಹೊತ್ತಿಗೆ ಒಂದು ಗೆರೆ ಬೆಳಕೂ ಮೇಲೆ ಬರುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಮೆಲ್ಲಗೆ ಮತ್ತೆ ತೆರೆದುಕೊಳ್ಳುತ್ತಿದ್ದವು.

ಆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದ್ದು ನನಗೆ ಇನ್ನೂ ಕಾಲಲ್ಲೇ ಇದೆ. ಕಾರವಾರದ ಕೋಡಿಬಾಗದಲ್ಲಿ ನಾವು ಮನೆ ಕಟ್ಟಲು ಶುರು ಮಾಡಿದಾಗ ನಾನು ಕೇಳಿದ್ದು ಒಂದೇ. ನನಗೆ ಮರದ ನೆಲ ಬೇಕು. ಮರದ್ದು ಆಗದಿದ್ದರೆ ಮರದ ಹಾಗೆ ಕಾಣುವುದಾದರೂ ಬೇಕು. ಅದನ್ನು ಆರಿಸಿ, ಹಾಕಿಸಿ ಮುಗಿಸಲು ಒಂದೂವರೆ ವರ್ಷ ಹಿಡಿಯಿತು. ಕರಾವಳಿಯಲ್ಲಿ ಇದೇ ಆಸೆ ಇಟ್ಟುಕೊಂಡವರು ಬಹಳ ಜನ ಇದ್ದಾರೆ ಅಂತ ಗೊತ್ತು. ಅಂಗಡಿಗೆ ಹೋಗುವ ಮೊದಲು ಅವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಮೊದಲೇ ಒಂದು ಸಲ ಕೈಸುಟ್ಟುಕೊಂಡವಳು. 2019ರಲ್ಲಿ, ಆಗ ನಾವಿದ್ದ ಫ್ಲ್ಯಾಟಿನ ಮಲಗುವ ಕೋಣೆಗೆ ಲ್ಯಾಮಿನೇಟ್ ನೆಲ ಹಾಕಿಸಿದ್ದೆವು. 8 ಮಿಲಿಮೀಟರ್ ದಪ್ಪದ್ದು. ದೀಪಾವಳಿಗೆ ಮೊದಲು ಎರಡೇ ದಿನದಲ್ಲಿ ಹಾಕಿ ಹೋದರು. ಬಂದವರೆಲ್ಲ ಕೂತು ಮುಟ್ಟಿ ನೋಡಿದರು. ಜೂನ್ ಬಂತು. ಬಾಲ್ಕನಿ ಬಾಗಿಲ ಹತ್ತಿರ ಎರಡು ಹಲಗೆಗಳ ಅಂಚು ಸ್ವಲ್ಪ ಎದ್ದಿತು. ಆಗಸ್ಟ್ ಹೊತ್ತಿಗೆ ಅರ್ಧ ಕೋಣೆಯಲ್ಲಿ ಪ್ರತಿ ಜೋಡಣೆಯೂ ಕಾಲಿಗೆ ತಾಗುವಷ್ಟು ಉಬ್ಬಿತ್ತು. ಒಂದು ಹಲಗೆ ಕಿತ್ತು ನೋಡಿದರೆ ಅಡಿಯಲ್ಲಿ ಕಪ್ಪು ಬೂಸಲು. ಮಾರಿದವರು ನೀರು ತಾಗಿದರೆ ಏನೂ ಆಗುವುದಿಲ್ಲ ಅಂತ ಬಾಯಲ್ಲಿ ಹೇಳಿದ್ದರು. ಕೊಟ್ಟ ಕಾಗದದಲ್ಲಿ ಮಾತ್ರ, ನೀರಿನಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂತ ಇತ್ತು. ಆ ಕಾಗದವನ್ನು ನಾನು ಓದಿದ್ದು ನೆಲ ಉಬ್ಬಿದ ಮೇಲೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಅದೇನು ವಸ್ತು ಅಂತ ಆಗಲೇ ತಿಳಿದುಕೊಳ್ಳಬೇಕಿತ್ತು. ಲ್ಯಾಮಿನೇಟ್ ಅಂದರೆ ಮರದ ನಾರಿನ ಪುಡಿಯನ್ನು ಅಂಟು ಸೇರಿಸಿ ಒತ್ತಿದ ಹಲಗೆ. ಅದರ ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದ. ಅದರ ಮೇಲೆ ಮೆಲಮೈನ್ ರಾಳದ ಪದರ, ಅದರಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ಈ ಮೇಲ್ಪದರ ಬಹಳ ಗಟ್ಟಿ, ಸುಲಭಕ್ಕೆ ಗೀರು ಬೀಳುವುದಿಲ್ಲ. ಪೆಟ್ಟಿಗೆಯ ಮೇಲೆ ಎಸಿ-3, ಎಸಿ-4 ಅಂತ ಬರೆದಿರುತ್ತಾರಲ್ಲ, ಅದು ಮುಖ್ಯವಾಗಿ ಸವೆತ ತಡೆಯುವ ಶಕ್ತಿಯ ಲೆಕ್ಕ. ಎಸಿ-4 ನೋಡಿ ನಾನು ನೀರಿಗೂ ಗಟ್ಟಿ ಅಂದುಕೊಂಡಿದ್ದೆ. ನೀರು ಮೇಲಿನಿಂದ ಇಳಿಯುವುದಿಲ್ಲ, ನಿಜ. ಜೋಡಣೆಯ ಸಂದಿಯಲ್ಲಿ ಇಳಿಯುತ್ತದೆ. ಅಡಿಯಿಂದ ಏರುತ್ತದೆ. ಒಳಗಿನ ಪುಡಿ ಹಲಗೆ ಅದನ್ನು ಕುಡಿಯುತ್ತದೆ, ಉಬ್ಬುತ್ತದೆ, ಒಣಗಿದರೂ ಹಿಂದಿನ ಹಾಗೆ ಆಗುವುದಿಲ್ಲ. ಲ್ಯಾಮಿನೇಟ್ ನೆಲ ಹುಟ್ಟಿದ್ದು 1977ರಲ್ಲಿ, ಸ್ವೀಡನ್ನಿನಲ್ಲಿ. ಚಳಿ ದೇಶ. ಕಾಲಿಗೆ ಬೆಚ್ಚಗಿನ ನೆಲ ಬೇಕು ಅನ್ನುವುದು ಅವರ ಚಿಂತೆ. ನಮ್ಮ ಚಿಂತೆ ಬೇರೆ.

ಹಾಗಾಗಿ ಹೊಸ ಮನೆಗೆ ನಾನು ಒಂದು ಹಟ ಹಿಡಿದೆ. ಒಂದು ಮಳೆಗಾಲ ಪೂರ್ತಿ ಮಾದರಿ ತುಂಡುಗಳನ್ನು ಮನೆಯಲ್ಲಿಟ್ಟು ನೋಡುತ್ತೇನೆ. ಆಮೇಲೆಯೇ ದುಡ್ಡು ಕೊಡುವುದು.

2023ರ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ಹೋದೆವು. ಕಾರವಾರದಲ್ಲಿ ಟೈಲ್ಸ್ ಚೆನ್ನಾಗಿಯೇ ಸಿಗುತ್ತದೆ, ಮರದ ಬಗೆಗಳು ಕಡಿಮೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ನೆಲದ ಮೇಲೆ ಎಂಜಿನಿಯರ್ಡ್ ವುಡ್, ಅಂದರೆ ಪ್ಲೈವುಡ್ ಮೇಲೆ ನಿಜವಾದ ಮರದ ಪದರ ಇರುವ ಹಲಗೆ, ಹಾಸಿದ್ದರು. ಬಹಳ ಚಂದ ಇತ್ತು. ಆದರೆ ಎಲ್ಲ ಅಂಗಡಿಯಲ್ಲೂ ಎ.ಸಿ. ಓಡುತ್ತಿತ್ತು. ಹುಬ್ಬಳ್ಳಿಯ ಗಾಳಿಯೇ ನಮ್ಮದಕ್ಕಿಂತ ಒಣ, ಅದರ ಮೇಲೆ ಎ.ಸಿ. ಅಲ್ಲಿ ಚಂದ ಕಂಡದ್ದು ಕಾಳಿ ನದಿ ಸಮುದ್ರ ಸೇರುವ ನಮ್ಮ ಕೋಡಿಬಾಗದಲ್ಲಿ ಹೇಗಿರುತ್ತದೆ ಅಂತ ಆ ನೆಲ ಹೇಳುವುದಿಲ್ಲ. ನಾನು ಪ್ರತಿ ಅಂಗಡಿಯಲ್ಲೂ ಒಂದೊಂದು ತುಂಡು ಕೇಳಿ ತಂದೆ. ಕೆಲವರು ಸುಮ್ನೆ ಕೊಟ್ಟರು, ಇಬ್ಬರು ನೂರು ರೂಪಾಯಿ ತೆಗೆದುಕೊಂಡರು. ಲ್ಯಾಮಿನೇಟ್, ಎಂಜಿನಿಯರ್ಡ್ ವುಡ್, ಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ ಎಸ್‌ಪಿಸಿ, ಮರದ ಚಿತ್ರದ ಟೈಲ್ಸ್. ಅಪ್ಪಯ್ಯನ ಹತ್ತಿರ ಹೇಳಿ ಊರಿನಿಂದ ಮತ್ತಿ ಮರದ ಒಂದು ತುಂಡೂ ತರಿಸಿದೆ.

ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಒಂದು ಶನಿವಾರ ಮನೆಗೆ ಬಂತು. ಎಲ್ಲ ತುಂಡಿನ ದಪ್ಪ, ಅಗಲ ಅಳೆದು ಪೆನ್ಸಿಲ್ಲಿನಲ್ಲಿ ಹಿಂದೆ ಬರೆದೆ. ಬಕೆಟ್ ನೀರಿನಲ್ಲಿ 24 ಗಂಟೆ ಮುಳುಗಿಸಿದೆ. ಲ್ಯಾಮಿನೇಟ್ ಅಂಚಿನಲ್ಲಿ 8.0 ಇದ್ದದ್ದು 9.3 ಮಿಲಿಮೀಟರ್ ಆಯಿತು. ನಾಲ್ಕು ದಿನ ಒಣಗಿಸಿದರೂ 8.9ಕ್ಕೆ ನಿಂತಿತು. ಎಂಜಿನಿಯರ್ಡ್ ವುಡ್ 14.0ರಿಂದ 14.5ಕ್ಕೆ ಏರಿ, ಒಣಗಿದ ಮೇಲೆ 14.1ಕ್ಕೆ ಬಂತು. ಮತ್ತಿ ತುಂಡು ಅಗಲದಲ್ಲಿ ಒಂದು ಮಿಲಿಮೀಟರಿನಷ್ಟು ಹಿಗ್ಗಿ, ವಾರದಲ್ಲಿ ಇದ್ದಲ್ಲಿಗೆ ಬಂತು. ಟೈಲ್ಸ್, ಎಸ್‌ಪಿಸಿ ಎರಡೂ ಕದಲಲಿಲ್ಲ. ಮನೆಯ ನೆಲವನ್ನು ಯಾರೂ ಇಡೀ ದಿನ ನೀರಿನಲ್ಲಿ ಮುಳುಗಿಸುವುದಿಲ್ಲ, ಅದು ಗೊತ್ತು. ಆದರೆ ಹಿಗ್ಗಿದ್ದು ಹಿಂದಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಇದರಲ್ಲಿ ಕಾಣುತ್ತದೆ. ಲ್ಯಾಮಿನೇಟ್ ವಿಷಯ ಅಲ್ಲಿಗೆ ಮುಗಿಯಿತು.

ಇನ್ನೆರಡು ಪರೀಕ್ಷೆ ಮಾಡಿದೆ. ನಮ್ಮ ಮನೆಯಿಂದ ಸಮುದ್ರದ ದಂಡೆ ನಡೆದು ಹೋಗುವಷ್ಟು ಹತ್ತಿರ. ಮಕ್ಕಳ ಕಾಲಿನಲ್ಲಿ ಮರಳು ಬಂದೇ ಬರುತ್ತದೆ. ಮರಳು ಅಂದರೆ ಹೆಚ್ಚಿನ ಪಾಲು ಕ್ವಾರ್ಟ್ಜ್. ಅದು ಗಾಜಿಗೂ ಗೀರು ಹಾಕುತ್ತದೆ. ಒಂದು ಚಿಟಿಕೆ ಮರಳು ಪ್ರತಿ ತುಂಡಿನ ಮೇಲೆ ಹಾಕಿ ಚಪ್ಪಲಿಯಲ್ಲಿ ತಿಕ್ಕಿದೆ. ಹೊಳಪಿನ ಟೈಲ್ಸ್ ಮೇಲೆ ಸಣ್ಣ ಸಣ್ಣ ಗೆರೆಗಳು ಬಿದ್ದವು. ಮ್ಯಾಟ್ ಟೈಲ್ಸಿನಲ್ಲಿ ಕಾಣಲಿಲ್ಲ. ಪಾಲಿಶ್ ಮಾಡಿದ ಎಂಜಿನಿಯರ್ಡ್ ವುಡ್ಡಿನ ಹೊಳಪು ಒಂದೇ ನಿಮಿಷದಲ್ಲಿ ಮಾಸಿತು. ಆಮೇಲೆ ಅಂಗಳದ ಕೆಂಪು ಮಣ್ಣು ಕಲಸಿ ಹಚ್ಚಿ, ಒಂದು ದಿನ ಬಿಟ್ಟು ಒರೆಸಿದೆ. ಮರದ ಗೆರೆಯನ್ನು ಆಳವಾಗಿ ಕೊರೆದಿದ್ದ ಒಂದು ಟೈಲ್ಸಿನಲ್ಲಿ ಮಣ್ಣು ಗೆರೆಯೊಳಗೆ ಕೂತುಬಿಟ್ಟಿತು. ಬ್ರಷ್ ಹಾಕಿ ತಿಕ್ಕಬೇಕಾಯಿತು. ಅಂಗಡಿಯಲ್ಲಿ ಎಲ್ಲಕ್ಕಿಂತ ಮರದ ಹಾಗೆ ಕಂಡದ್ದು ಅದೇ.

ಜೂನ್ 2ನೇ ವಾರದಿಂದ ಮಳೆ ಹಿಡಿಯಿತು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನೆಲದ ವಿಷಯದಲ್ಲಿ ಮಳೆಗಿಂತ ಗಾಳಿಯ ತೇವವೇ ಮುಖ್ಯ. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಒಣ ಮತ್ತು ಒದ್ದೆ ಬುರುಡೆಯ ಥರ್ಮಾಮೀಟರ್ ಜೋಡಿ ಇದೆ. ಜುಲೈನಲ್ಲಿ ಒಂದು ದಿನ ಒಣದ್ದು 27 ಡಿಗ್ರಿ, ಒದ್ದೆಯದ್ದು 26. ಅಂದರೆ ತೇವಾಂಶ ಶೇಕಡಾ 92ರ ಹತ್ತಿರ. ಮುಂದಿನ ಜನವರಿಯ ಒಂದು ಮಧ್ಯಾಹ್ನ ಅದೇ ಜಾಗದಲ್ಲಿ 32 ಮತ್ತು 23. ತೇವಾಂಶ ಶೇಕಡಾ 46. ಅರ್ಧಕ್ಕರ್ಧ!

ಮರ ಈ ತೇವದ ಜೊತೆ ಬದುಕುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಕುಡಿಯುತ್ತದೆ, ಕಡಿಮೆಯಾದರೆ ಬಿಡುತ್ತದೆ. ಕಡಿದು ನೂರು ವರ್ಷವಾದ ಮರವೂ ಇದನ್ನು ಬಿಡುವುದಿಲ್ಲ. ಉದ್ದದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ, ಹಿಗ್ಗುವುದು ಕುಗ್ಗುವುದೆಲ್ಲ ಅಗಲದಲ್ಲಿ. ನಮ್ಮ ಕಡೆ ಒಳ್ಳೆ ತೇಗವೂ ಬೇಸಿಗೆಯಿಂದ ಮಳೆಗಾಲಕ್ಕೆ ಅಗಲದಲ್ಲಿ ನೂರಕ್ಕೆ ಒಂದು ಪಾಲು ಹಿಗ್ಗಬಹುದು. ಕೇಳಲು ಏನೂ ಅಲ್ಲ ಅನಿಸುತ್ತದೆ. 10 ಅಡಿ ಅಗಲದ ಕೋಣೆಗೆ ಲೆಕ್ಕ ಹಾಕಿ ನೋಡಿ, ಒಂದು ಇಂಚಿಗಿಂತ ಜಾಸ್ತಿ. ಆ ಒಂದು ಇಂಚಿಗೆ ಜಾಗ ಇಟ್ಟಿರದಿದ್ದರೆ ನೆಲ ಎದ್ದು ಡೊಂಕಾಗುತ್ತದೆ. ಮೆತ್ತಿನ ಸಂದಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಿದ್ದದ್ದು ಯಾಕೆ ಅಂತ ನನಗೆ ಪೂರ್ತಿ ಅರ್ಥವಾದದ್ದು ಈ ಲೆಕ್ಕ ಹಾಕಿದ ದಿನ. ಅದನ್ನು ಕಟ್ಟಿದವರು ಮರಕ್ಕೆ ಹಿಗ್ಗಲು ಜಾಗ ಬಿಟ್ಟಿದ್ದರು.

ಆ ಭಾನುವಾರ ಊರಿಗೆ ಹೋಗಿದ್ದೆ. ಅಂಕೋಲಾ, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ. ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಅಪ್ಪಯ್ಯ ಕವಳ ಹಾಕುತ್ತಾ ಕೇಳಿದ. ಆಮೇಲೆ ಹೇಳಿದ, "ನಿನ್ನ ಮನೆ ನೆಲದ ಅಡಿಗೆ ಗಾಳಿ ಎಲ್ಲಿಂದ ಬರ್ತು ತಂಗಿ? ಮೆತ್ತಿಗೆ ಅಡಿಯಿಂದ ಗಾಳಿ ಇತ್ತು, ಒಲೆಯ ಹೊಗೆ ಇತ್ತು. ಅದಕ್ಕೇ ಉಳಿದದ್ದು. ಅದೇ ಹಲಗೆಯ ನೀನು ಜಗಲಿಯ ನೆಲಕ್ಕೆ ಹಾಸಿದ್ರೆ ಎರಡು ವರ್ಷಕ್ಕೆ ವರಲೆ ತಿಂದು ಮುಗಿಸ್ತು."

ಗೆದ್ದಲಿಗೆ ನಮ್ಮ ಕಡೆ ವರಲೆ ಅನ್ನುತ್ತೇವೆ. ನನ್ನ ಒಂದೂವರೆ ವರ್ಷದ ಹುಡುಕಾಟದಲ್ಲಿ ಇದಕ್ಕಿಂತ ದೊಡ್ಡ ಮಾತು ಯಾರೂ ಹೇಳಲಿಲ್ಲ. ನಾನು ಅಲ್ಲಿಯವರೆಗೆ ಯಾವ ನೆಲ ಚಂದ, ಯಾವುದು ಗಟ್ಟಿ ಅಂತ ನೋಡುತ್ತಿದ್ದೆ. ಅವತ್ತಿನಿಂದ ಪ್ರತಿ ಕೋಣೆಗೆ ನೀರು ಎಲ್ಲಿಂದ ಬರುತ್ತದೆ ಅಂತ ನೋಡಲು ಶುರು ಮಾಡಿದೆ. ಮೇಲಿನಿಂದ ಚೆಲ್ಲುವ ನೀರಾ, ಅಡಿಯಿಂದ ಏರುವ ಶೀತವಾ, ಗಾಳಿಯ ತೇವವಾ? ಉತ್ತರ ಕೋಣೆ ಕೋಣೆಗೆ ಬೇರೆ. ಹಾಗಾಗಿ ನೆಲವೂ ಬೇರೆ ಬೇರೆ ಆಯಿತು.

ಕೆಳಗಿನ ಹಾಲ್ ಮತ್ತು ಊಟದ ಜಾಗಕ್ಕೆ ಮೂರೂ ಕಡೆಯಿಂದ ನೀರು. ಚಿರೆಕಲ್ಲಿನ ಅಡಿಪಾಯ, ಅದು ಶೀತ ಎಳೆಯುತ್ತದೆ. ಕೊಡೆಯಿಂದ ನೀರು ಸುರಿಸುತ್ತಾ ಜನ ಒಳಗೆ ಬರುತ್ತಾರೆ. ದಿನಾ ಬಕೆಟ್ ನೀರು ತಂದು ನೆಲ ಒರೆಸುತ್ತೇವೆ. ಇಲ್ಲಿ ಮರದ ಮಾತೇ ಇಲ್ಲ, ಮರದ ಚಿತ್ರದ ವಿಟ್ರಿಫೈಡ್ ಟೈಲ್ಸ್ ಅಂತ ತೀರ್ಮಾನ ಮಾಡಿದೆವು. ಅದು ತನ್ನ ತೂಕದ ಶೇಕಡಾ ಅರ್ಧದಷ್ಟೂ ನೀರು ಕುಡಿಯುವುದಿಲ್ಲ. ವರಲೆಗೆ ಅದರಲ್ಲಿ ತಿನ್ನಲು ಏನೂ ಇಲ್ಲ. ಏಪ್ರಿಲ್, ಮೇ ಸೆಕೆಯಲ್ಲಿ ಕಾಲಿಗೆ ತಂಪು. ನಾವು ತಂದದ್ದು 200 ಮಿಲಿಮೀಟರ್ ಅಗಲ, 1200 ಉದ್ದದ್ದು. ಗುಜರಾತಿನ ಮೊರ್ಬಿಯಿಂದ ಬಂದ ಮಾಲು. ನಮ್ಮಲ್ಲಿ ಸಿಗುವ ಟೈಲ್ಸಿನಲ್ಲಿ ಬಹಳಷ್ಟು ಅಲ್ಲಿಯದೇ.

ಟೈಲ್ಸ್ ಅಂಗಡಿಯಲ್ಲಿ ನಾನು ಮಾಡಿದ ಒಂದು ಕೆಲಸ ಎಲ್ಲರೂ ಮಾಡಬೇಕು. ಒಂದೇ ತುಂಡು ನೋಡಿ ಒಪ್ಪಬೇಡಿ. ಎರಡು ಪೆಟ್ಟಿಗೆ ಬಿಚ್ಚಿಸಿ ಹತ್ತು ಹಲಗೆ ನೆಲಕ್ಕೆ ಹಾಸಿಸಿ. ಚಿತ್ರ ಮುದ್ರಿಸುವುದು ಯಂತ್ರ, ಹಾಗಾಗಿ ಎಷ್ಟೋ ಹಲಗೆಗೊಮ್ಮೆ ಅದೇ ಚಿತ್ರ ಮತ್ತೆ ಬರುತ್ತದೆ. ಮೊದಲು ಮೆಚ್ಚಿದ್ದರಲ್ಲಿ ಒಂದು ದೊಡ್ಡ ಗಂಟಿನ ಗುರುತು ಇತ್ತು. ಹತ್ತರಲ್ಲಿ ಮೂರು ಕಡೆ ಅದೇ ಗಂಟು, ಅದೇ ಓರೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ದಿನಾ ಅದೇ ಕಾಣುತ್ತದೆ. ಗಂಟು ಕಡಿಮೆ ಇರುವ, ನೆಟ್ಟನೆ ಗೆರೆಯ ಬಗೆ ತೆಗೆದುಕೊಂಡೆವು. ಬಣ್ಣವೂ ತೀರಾ ಗಾಢ ಬೇಡ ಅಂದೆ. ಗಾಢ ಬಣ್ಣದ ಮೇಲೆ ಒಣಗಿದ ನೀರಿನ ಕಲೆ, ಮರಳು, ಧೂಳು ಎಲ್ಲ ಎದ್ದು ಕಾಣುತ್ತದೆ. ಹಳೆ ಹಲಸಿನ ಹಲಗೆಯಂಥ ಕಂದು ಬಣ್ಣ ಸಿಕ್ಕಿತು.

ಲೆಕ್ಕ ಹೇಳುತ್ತೇನೆ. ಎರಡೂ ಜಾಗ ಸೇರಿ 372 ಚದರ ಅಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 409. ಒಂದು ಪೆಟ್ಟಿಗೆಯಲ್ಲಿ 5 ಹಲಗೆ, 12.9 ಚದರ ಅಡಿ. 32 ಪೆಟ್ಟಿಗೆ ಬೇಕು. 34 ತಂದೆವು. ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯೇ ಅಂತ ಲಾರಿಯಿಂದ ಇಳಿಸುವಾಗಲೇ ನೋಡಿದೆ. ಬ್ಯಾಚ್ ಬದಲಾದರೆ ಬಣ್ಣ ಸ್ವಲ್ಪ ಬದಲಾಗುತ್ತದೆ. ಟೈಲ್ಸ್ ಚದರ ಅಡಿಗೆ 85 ರೂಪಾಯಿ ಬಿತ್ತು. ಅಂಟು, ಕೂಲಿ ಸೇರಿದರೆ 160ರ ಹತ್ತಿರ.

ಹಾಕುವಾಗ ಗೌಂಡಿಯ ಜೊತೆ ಸ್ವಲ್ಪ ಮಾತಾಯಿತು. ಅಂಕೋಲಾದವರು, ಒಳ್ಳೆ ಕೆಲಸಗಾರರು. ಆದರೆ ಮೂವತ್ತು ವರ್ಷದಿಂದ ಸಿಮೆಂಟ್ ಕಲಸಿ, ನಡುವೆ ಒಂದು ಮುದ್ದೆ ಇಟ್ಟು ಟೈಲ್ಸ್ ಕೂರಿಸಿದವರು. "ಅಕ್ಕೋರೆ, ಅಂಟು ಸುಮ್ನೆ ಖರ್ಚು" ಅಂದರು. ನಾನು ಬಿಡಲಿಲ್ಲ. ಹಳೆ ಟೈಲ್ಸ್ ನೀರು ಕುಡಿಯುತ್ತಿತ್ತು, ಸಿಮೆಂಟ್ ಹಾಲು ಅದರೊಳಗೆ ಇಳಿದು ಹಿಡಿಯುತ್ತಿತ್ತು. ವಿಟ್ರಿಫೈಡ್ ನೀರೇ ಕುಡಿಯುವುದಿಲ್ಲ, ಬರೀ ಸಿಮೆಂಟ್ ಹಿಡಿಯುವುದು ಹೇಗೆ? ಅದಕ್ಕೇ ಟೈಲ್ಸ್ ಅಂಟು ಬೇಕು, ಹಲ್ಲಿನ ಕರಣೆಯಲ್ಲಿ ಪೂರ್ತಿ ಎಳೆದು ಹಚ್ಚಬೇಕು. 4 ಅಡಿ ಉದ್ದದ ಹಲಗೆಯ ತುದಿಯಲ್ಲಿ ಅಡಿಗೆ ಟೊಳ್ಳು ಉಳಿದರೆ ಮಂಚದ ಕಾಲು ತಾಗಿದ ದಿನ ಒಡೆಯುತ್ತದೆ. ಹಾಕಿದ ಮರುದಿನ ನಾಣ್ಯದಲ್ಲಿ ತಟ್ಟಿ ತಟ್ಟಿ ನೋಡಿದೆ. ಟೊಳ್ಳು ಸದ್ದು ಬಂದ ಎರಡನ್ನು ಅವರೇ ಕಿತ್ತು ಮತ್ತೆ ಹಾಕಿದರು.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ, ಅವರಿಂದ ಕಲಿತೆ. ಉದ್ದ ಟೈಲ್ಸ್ ಪೂರ್ತಿ ಸಪಾಟು ಇರುವುದಿಲ್ಲ. ಭಟ್ಟಿಯಲ್ಲಿ ಸುಡುವಾಗ ನಡುವೆ ಸ್ವಲ್ಪ ಉಬ್ಬಿರುತ್ತದೆ. ಎರಡನ್ನು ಮುಖಕ್ಕೆ ಮುಖ ಇಟ್ಟು ನೋಡಿದರೆ ತುದಿಯಲ್ಲಿ ಸಂದಿ ಕಾಣುತ್ತದೆ. ಇಟ್ಟಿಗೆ ಗೋಡೆಯ ಹಾಗೆ ಅರ್ಧಕ್ಕೆ ಅರ್ಧ ಜೋಡಿಸಿದರೆ ಒಂದರ ಉಬ್ಬಿದ ನಡು ಇನ್ನೊಂದರ ತಗ್ಗಿದ ತುದಿಯ ಪಕ್ಕ ಬರುತ್ತದೆ. ಕಾಲಿಗೆ ಎಡವುತ್ತದೆ. ಮೂರನೇ ಒಂದು ಪಾಲು ಸರಿಸಿ ಹಾಕಿದರೆ ಆ ತೊಂದರೆ ಕಡಿಮೆ. ನಾನು ಅರ್ಧಕ್ಕರ್ಧ ಬೇಕು ಅಂತ ಚಿತ್ರ ಬರೆದು ಕೊಟ್ಟಿದ್ದೆ. ಅವರು ನೆಲದಲ್ಲಿ ಆರು ಹಲಗೆ ಇಟ್ಟು ತೋರಿಸಿದರು. ಚಿತ್ರ ಬದಲಾಯಿಸಿದೆ. ನಡುವೆ 2 ಮಿಲಿಮೀಟರ್ ಸಂದಿ, ಅದಕ್ಕೆ ಹಲಗೆಗಿಂತ ಸ್ವಲ್ಪ ಗಾಢ ಬಣ್ಣದ ಇಪಾಕ್ಸಿ ಗ್ರೌಟ್. ಬಿಳಿ ಗ್ರೌಟ್ ಹಾಕಿದರೆ ಮರದ ನೋಟವೇ ಹೋಗುತ್ತದೆ.

ಟೈಲ್ಸಿನ ಒಂದು ಕಷ್ಟವನ್ನೂ ಹೇಳಬೇಕು. ಮಳೆ ಹಿಡಿದ ಮೊದಲ ದಿನಗಳಲ್ಲಿ ಅದು ಬೆವರುತ್ತದೆ. ತೇವ ತುಂಬಿದ ಬೆಚ್ಚಗಿನ ಗಾಳಿ ತಂಪು ನೆಲಕ್ಕೆ ತಾಗಿ ನೀರಾಗುತ್ತದೆ. ಆಗ ಫ್ಯಾನ್ ಹಾಕಿಡುತ್ತೇವೆ. ಬಾಗಿಲ ಹತ್ತಿರ ಜಾರದ ಹಾಗೆ ಒರಟು ಮೈಯ ಟೈಲ್ಸನ್ನೇ ಹಾಕಿಸಿದ್ದೇವೆ. ಮರ ಹೀಗೆ ಬೆವರುವುದು ಕಡಿಮೆ.

ಅತ್ತೆಯ ಕೋಣೆಯೂ ಕೆಳಗೇ. ಅವರಿಗೆ ಮೊಣಕಾಲು ನೋವು. ಮಳೆಗಾಲದಲ್ಲಿ ಟೈಲ್ಸ್ ಮೇಲೆ ಕಾಲಿಟ್ಟರೆ ನೋವು ಜಾಸ್ತಿ ಅನ್ನುತ್ತಾರೆ. "ನಂಗೆ ಚಂದ ಎಂತಕ್ಕೆ, ಕಾಲಿಗೆ ಥಂಡಿ ಆಗದಿದ್ರೆ ಸಾಕು" ಅಂದರು. ಟೈಲ್ಸ್ ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ತಂಪು ಅನಿಸುವುದು. ಅಲ್ಲಿಗೆ ಎಸ್‌ಪಿಸಿ ಆರಿಸಿದೆವು. ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ ಹಲಗೆ ಅದು. 5 ಮಿಲಿಮೀಟರ್ ದಪ್ಪ, ಅಡಿಗೆ ಮೆತ್ತನೆ ಹಾಸು ಅಂಟಿಸಿಯೇ ಬರುತ್ತದೆ. ಟೈಲ್ಸಿನಷ್ಟು ತಣ್ಣಗಿಲ್ಲ, ನೀರಿಗೆ ಹೆದರುವುದಿಲ್ಲ.

ಅದಕ್ಕೆ ಬಿಸಿಲು ಆಗುವುದಿಲ್ಲ. ಮೇ ತಿಂಗಳಲ್ಲಿ 4 ಅಡಿಯ ಒಂದು ಹಲಗೆಯನ್ನು ಮಧ್ಯಾಹ್ನ ತಾರಸಿಯ ಮೇಲೆ ಇಟ್ಟು ನೋಡಿದ್ದೆ. ಎರಡು ಗಂಟೆಯಲ್ಲಿ ಸುಮಾರು 1 ಮಿಲಿಮೀಟರ್ ಉದ್ದವಾಯಿತು, ತುದಿ ಸ್ವಲ್ಪ ಎದ್ದಿತು. ಪಡುವಣದ ದೊಡ್ಡ ಗಾಜಿನ ಬಾಗಿಲು ಇರುವ ಕೋಣೆಗೆ ನಾನು ಇದನ್ನು ಹಾಕುವುದಿಲ್ಲ. ಅತ್ತೆಯ ಕೋಣೆಯ ಕಿಟಕಿ ಬಡಗಣಕ್ಕೆ, ನೇರ ಬಿಸಿಲು ಬೀಳುವುದಿಲ್ಲ. ಗೋಡೆಯ ಸುತ್ತ 8 ಮಿಲಿಮೀಟರ್ ಜಾಗ ಬಿಡಿಸಿ, ಸ್ಕರ್ಟಿಂಗ್‌ನಲ್ಲಿ ಮುಚ್ಚಿಸಿದೆವು.

ಅಡಿಯ ಶೀತ ಮಾತ್ರ ಇಲ್ಲೂ ಕಾಡುತ್ತದೆ. ಎಸ್‌ಪಿಸಿ ತಾನು ಹಾಳಾಗುವುದಿಲ್ಲ, ಆದರೆ ಅಡಿಯಲ್ಲಿ ತೇವ ಸಿಕ್ಕಿಹಾಕಿಕೊಂಡರೆ ಬೂಸಲು ವಾಸನೆ ಬರುತ್ತದೆ. ಹಾಗಾಗಿ ಹಾಕುವ ಮೊದಲು ಮೂರು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ರಾತ್ರಿ, ಒಂದು ಹಗಲು ಬಿಟ್ಟೆವು. ತೆಗೆದರೆ ಅಡಿಯಲ್ಲಿ ಹನಿ ಹನಿ ನೀರು. ಎರಡು ತಿಂಗಳು ಕಾದೆವು. ಜನವರಿಯಲ್ಲಿ ಮತ್ತೆ ನೋಡಿದರೆ ಒಣಗಿತ್ತು. ಆದರೂ ನೀರು ತಡೆಯುವ ಬಣ್ಣದ ಎರಡು ಕೋಟು ಹೊಡೆಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಆಮೇಲೆ ಹಲಗೆ ಕೂರಿಸಿದರು. ಈ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಗೆ ಹತ್ತು ರೂಪಾಯಿಯೂ ಬೇಡ. ಫ್ಲ್ಯಾಟಿನಲ್ಲಿ ಇದೊಂದನ್ನು ಮಾಡಿದ್ದರೆ ನನ್ನ ಅರ್ಧ ನಷ್ಟ ತಪ್ಪುತ್ತಿತ್ತು.

ಉಳಿದದ್ದು ಮೇಲಿನ ಕೋಣೆ. 10 ಅಡಿ ಅಗಲ, 12 ಅಡಿ ಉದ್ದ. ಓದುವುದಕ್ಕೆ, ಬರೆಯುವುದಕ್ಕೆ, ಊರಿನಿಂದ ಬಂದವರು ಮಲಗುವುದಕ್ಕೆ. ಅಡಿಯಲ್ಲಿ ಕಾಂಕ್ರೀಟ್ ಸ್ಲ್ಯಾಬ್, ಅದರ ಅಡಿಗೆ ಹಾಲ್. ನೆಲದಿಂದ ಏರುವ ಶೀತ ಇಲ್ಲಿಗೆ ಬರುವುದಿಲ್ಲ. ಪಕ್ಕದಲ್ಲಿ ಬಚ್ಚಲಿಲ್ಲ. ಎರಡು ಕಡೆ ಕಿಟಕಿ. ನೀರು ಬರುವುದಿದ್ದರೆ ಗಾಳಿಯ ತೇವ ಮಾತ್ರ. ಅದನ್ನು ಮರ ತಡೆದುಕೊಳ್ಳುತ್ತದೆ ಅಂತ ಮೆತ್ತು ನನಗೆ ತೋರಿಸಿತ್ತು. ಇಲ್ಲಿ ನಿಜವಾದ ಮರ ಹಾಕೋಣ ಅಂದೆ.

ಎಂಜಿನಿಯರ್ಡ್ ವುಡ್ ಹಾಕಬಹುದಿತ್ತು. ಅಡ್ಡ ಉದ್ದ ಪದರ ಜೋಡಿಸಿದ ಪ್ಲೈವುಡ್ ಮೇಲೆ ನಿಜವಾದ ಮರದ ಪದರ ಇರುವುದರಿಂದ ಅದು ಹಿಗ್ಗುವುದು ಕಡಿಮೆ. ತೇಗದ ಮೇಲ್ಪದರದ್ದು ಚದರ ಅಡಿಗೆ 480 ರೂಪಾಯಿ ಹೇಳಿದರು. ಅದನ್ನೇ ತರುವ ತನಕ ಬಂದಿದ್ದೆವು. ಹೊಸ ತೇಗವೇ ಬೇಕು ಅಂದರೆ ನಮ್ಮ ಜಿಲ್ಲೆಯಲ್ಲೇ ದಾಂಡೇಲಿಯಲ್ಲಿ ಅರಣ್ಯ ಇಲಾಖೆಯ ನಾಟಾ ಡಿಪೋ ಇದೆ, ಹರಾಜು ನಡೆಯುತ್ತದೆ. ಒಂದು ಸಣ್ಣ ಕೋಣೆಗೆ ಅಲ್ಲಿಯವರೆಗೆ ಹೋಗುವುದು ನಮ್ಮ ಅಳವಲ್ಲ. ಆಗ ತಮ್ಮನ ಫೋನ್ ಬಂತು. ಊರಿನ ಮನೆಯ ಹಿಂಭಾಗ ಬಿಚ್ಚಿ ಆರ್‌ಸಿಸಿ ಹಾಕಿಸುತ್ತಿದ್ದಾನೆ. ಮೆತ್ತಿನ ಹಲಗೆ ಬೇಕಾ ಅಂತ ಕೇಳಿದ. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

2024ರ ಫೆಬ್ರವರಿಯಲ್ಲಿ ಹಲಗೆ ಬಂದವು. ಸಾಗಿಸಲು ಅರಣ್ಯ ಇಲಾಖೆಯಿಂದ ಪಾಸು ತೆಗೆದೆವು, ಹಳೆ ನಾಟಾ ಆದರೂ ಅದು ಬೇಕು. ಹೆಚ್ಚಿನವು ಮತ್ತಿ, ಕೆಲವು ಹಲಸು. 9 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಆಚಾರಿಯವರು ಒಂದೊಂದನ್ನೇ ತಿರುಗಿಸಿ ನೋಡಿದರು. ಅಂಚಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಹೊಡೆದಿತ್ತು. ಚೇಗು, ಅಂದರೆ ಒಳಗಿನ ತಿರುಳು, ಪೂರ್ತಿ ಗಟ್ಟಿ. ಕಬ್ಬಿಣದ ಮೊಳೆ ಇದ್ದ ಕಡೆಯೆಲ್ಲ ಕಪ್ಪು ಕಲೆ. ಮರದ ಒಗರು ಮತ್ತು ಕಬ್ಬಿಣ ಸೇರಿದರೆ ಹಾಗಾಗುತ್ತದೆ. ಆ ಕಲೆಗಳನ್ನು ತೆಗೆಯುವುದು ಬೇಡ ಅಂದೆ.

9 ಇಂಚಿನ ಹಲಗೆ ಹಾಗೇ ಹಾಕಬೇಡಿ ಅಂದರು ಆಚಾರಿಯವರು. "ಅಗಲ ಜಾಸ್ತಿ ಇದ್ರೆ ಸಂದಿಯೂ ಜಾಸ್ತಿ, ಅಕ್ಕೋರೆ. ಬಟ್ಟಲ ಹಾಗೆ ಬಗ್ತದೆ ಬೇರೆ." ಬಿಳಿ ಭಾಗ ತೆಗೆದು, ಮಿಲ್ಲಿನಲ್ಲಿ 4 ಇಂಚಿನ ಪಟ್ಟಿಗಳಾಗಿ ಸೀಳಿಸಿದೆವು. ನಾನು ಮಾರ್ಚ್‌ನಲ್ಲೇ ಹಾಕಿ ಮುಗಿಸಿ ಅಂತ ಅವಸರ ಮಾಡಿದೆ. ಅವರು ಒಪ್ಪಲಿಲ್ಲ. ಒಣಗಿದ ಕಾಲದಲ್ಲಿ ಬಿಗಿಯಾಗಿ ಕೂರಿಸಿದರೆ ಮಳೆಗಾಲದಲ್ಲಿ ಎದ್ದು ಬರುತ್ತದೆ. ನಡು ಮಳೆಗಾಲದಲ್ಲಿ ಕೂರಿಸಿದರೆ ಬೇಸಿಗೆಯಲ್ಲಿ ಸಂದಿ ಬಾಯಿ ಬಿಡುತ್ತದೆ. ಒಂದು ಮಳೆಗಾಲ ಈ ಕೋಣೆಯಲ್ಲೇ ಇರಲಿ, ದೀಪಾವಳಿ ಆದ ಮೇಲೆ ಬರುತ್ತೇನೆ ಅಂದರು. ನಡುವೆ ಪಟ್ಟಿ ಇಟ್ಟು, ಗಾಳಿಯಾಡುವ ಹಾಗೆ ಅಟ್ಟಿ ಕಟ್ಟಿ ಹೋದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಬರಿ ಸಿಮೆಂಟ್ ನೆಲದ ಮೇಲೆ ಆ ಅಟ್ಟಿ ನೋಡಿ ಕೇಳಿದರು. ಎಲ್ಲರಿಗೂ ಹೇಳಿದೆ.

ಒಂದು ಪಟ್ಟಿಗೆ ಗುರುತು ಮಾಡಿ ತಿಂಗಳಿಗೊಮ್ಮೆ ಅಗಲ ಅಳೆದೆ. ಏಪ್ರಿಲ್‌ನಲ್ಲಿ 99.6 ಮಿಲಿಮೀಟರ್. ಆಗಸ್ಟಿನಲ್ಲಿ 100.9. ನವೆಂಬರ್‌ನಲ್ಲಿ 100.4. ಆಚಾರಿಯವರಿಗೆ ಕಾಗದ ತೋರಿಸಿದೆ. ಅವರು ಅದನ್ನು ನೋಡಿ, ಚೀಲದಿಂದ ಹ್ಯಾಕ್ಸಾ ಬ್ಲೇಡ್ ತೆಗೆದು, ಎರಡು ಪಟ್ಟಿಯ ನಡುವೆ ಇಷ್ಟು ಸಂದಿ ಅಂದರು. ಬ್ಲೇಡ್ ಅಳೆದೆ, 0.65. ಆಗಸ್ಟಿಗೆ ಹಿಗ್ಗಲು ಬೇಕಾದದ್ದು 0.5. ಅಳತೆ ಇಲ್ಲದೆ ಅವರ ಕೈಗೆ ಅದು ಗೊತ್ತಿತ್ತು.

ಸ್ಲ್ಯಾಬ್ ಮೇಲೆ ಒಂದೂವರೆ ಅಡಿಗೆ ಒಂದರಂತೆ ರೀಪು ಕೂರಿಸಿದರು. ರೀಪಿಗೂ ಪಟ್ಟಿಯ ಅಡಿ ಮೈಗೂ ಗೇರೆಣ್ಣೆ ಹಚ್ಚಿದರು. ಗೇರುಬೀಜದ ಸಿಪ್ಪೆಯ ಈ ಎಣ್ಣೆ ನಮ್ಮ ಕರಾವಳಿಯಲ್ಲಿ ದೋಣಿಗೂ, ಮಾಡಿನ ಮರಕ್ಕೂ ಹಚ್ಚುವಂಥದ್ದು. ವರಲೆ ಹತ್ತಿರ ಬರುವುದಿಲ್ಲ. ಕೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಕೈಗವಸು ಹಾಕಿಕೊಂಡೇ ಹಚ್ಚಬೇಕು. ಸಮುದ್ರದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾಗಾಗಿ ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಎರಡೂ ಬದಿಯ ಗೋಡೆಯ ಹತ್ತಿರ 12 ಮಿಲಿಮೀಟರ್ ಜಾಗ ಬಿಟ್ಟರು. ಸ್ಕರ್ಟಿಂಗ್ ಪಟ್ಟಿಯಲ್ಲಿ ಅಲ್ಲಲ್ಲಿ ಸೀಳು ಕೊಟ್ಟರು, ಅಡಿಗೆ ಗಾಳಿ ಹೋಗಿ ಬರಲಿ ಅಂತ. ಅಪ್ಪಯ್ಯ ಕೇಳಿದ ಪ್ರಶ್ನೆಗೆ ಅದು ಉತ್ತರ. ಮೇಲೆ ಮ್ಯಾಟ್ ಪಿಯು (ಪಾಲಿಯುರೆಥೇನ್) ಪಾಲಿಶ್ ಎರಡು ಕೋಟು. ಎಂಟು ದಿನದ ಕೆಲಸ.

ಒಂದು ಮಳೆಗಾಲ ಕಳೆದಿದೆ. ಏಪ್ರಿಲ್‌ನಲ್ಲಿ ಸಂದಿಯಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುತ್ತಿತ್ತು. ಜುಲೈ ಕೊನೆಗೆ ಕಾಗದವೂ ಹೋಗುತ್ತಿರಲಿಲ್ಲ. ಎಲ್ಲಿಯೂ ಎದ್ದಿಲ್ಲ. ಈ ನೆಲವನ್ನು ಬಕೆಟ್ ನೀರಿನಲ್ಲಿ ಒರೆಸುವುದಿಲ್ಲ. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆ ಎಳೆಯುತ್ತೇವೆ. ಮರಳಿನ ಕಾಲಿನಲ್ಲಿ ಯಾರೂ ಮೇಲೆ ಬರುವ ಹಾಗಿಲ್ಲ, ಮೆಟ್ಟಿಲ ಬುಡದಲ್ಲಿ ನೀರಿನ ಚೆಂಬು ಇಟ್ಟಿದ್ದೇನೆ.

ಬಾಕಿ ಇರುವುದು ಮೆಟ್ಟಿಲು. ಒಟ್ಟು 18. ಉಳಿದ ಪಟ್ಟಿಗಳನ್ನು ಎಣಿಸಿದೆ. ಮೂರು ಮೂರು ಜೋಡಿಸಿದರೆ 11 ಮೆಟ್ಟಿಲಿಗೆ ಆಗುತ್ತದೆ. ಮೇಲಿನ 11ಕ್ಕೆ ಮರ, ಕೆಳಗಿನ 7ಕ್ಕೆ ಉಳಿದ ಟೈಲ್ಸ್ ಅನ್ನುವುದು ಮನೆಯವರ ಸಲಹೆ. ಕೆಳಗಿನ ಮೆಟ್ಟಿಲಿಗೆ ಒದ್ದೆ ಕಾಲು ಜಾಸ್ತಿ, ಹಾಗಾಗಿ ಅದು ಸರಿಯೂ ಹೌದು. ಆಚಾರಿಯವರು ಈ ದೀಪಾವಳಿ ಕಳೆದ ಮೇಲೆ ಬಂದು ನೋಡುತ್ತೇನೆ ಅಂದಿದ್ದಾರೆ. ಪಟ್ಟಿಗಳು ಮೇಲಿನ ಕೋಣೆಯ ಮೂಲೆಯಲ್ಲಿ ಅಟ್ಟಿ ಕಟ್ಟಿ ಇವೆ. ತಿಂಗಳಿಗೊಮ್ಮೆ ಅಳೆಯುತ್ತಿದ್ದೇನೆ.